‘ಋತುರೂಪ’, ‘ಒಣಗಾಲದ ರೂಪ’: ಒಂದು ಚಿಟ್ಟೆಯ ವಿವರಣೆಗೆ ತಕ್ಕ ಪದಗಳು ಯಾವುವು?

ಜುನೋನಿಯ ಅಲ್ಮಾನ ಎಂಬ ಶಾಸ್ತ್ರೀಯ ಹೆಸರಿನ, ಪೀಕಾಕ್ ಪ್ಯಾನ್ಸಿ ಎಂದು ಪರಿಚಿತವಾಗಿರುವ ಚಿಟ್ಟೆಯನ್ನು ಗುರುತಿಸುವ ಬಗೆಯನ್ನು ಕನ್ನಡದಲ್ಲಿ ಬರೆಯುವಾಗ ಎದುರಾದ ಪದಸಮಸ್ಯೆಯೊಂದನ್ನು ಬಲ್ಲವರ ಮುಂದಿಡುತ್ತಿದ್ದೇನೆ. ಭಾರತ, ಶ್ರೀಲಂಕಾಗಳಿಂದ ಆಗ್ನೇಯ ಏಷ್ಯಾ, ಚೀನಾ, ಜಪಾನಿನವರೆಗೆ ಹರಡಿರುವ ಈ ಚಿಟ್ಟೆಗೆ ಮಳೆಗಾಲದಲ್ಲಿ ಒಂದು ರೂಪ, ಮಳೆಯಿಲ್ಲದ ತಿಂಗಳುಗಳಲ್ಲಿ ಇನ್ನೊಂದು ರೂಪ. ಈ ಎರಡನ್ನು ಕನ್ನಡದಲ್ಲಿ ಏನೆಂದು ಕರೆಯುವುದು ಸರಿ?

ರೆಕ್ಕೆ ಬಿಚ್ಚಿ ಕುಳಿತಾಗ ಗುರುತಿಸಲು ತೊಡಕಿಲ್ಲ. ಕಿತ್ತಳೆ ಬೆರೆತ ಕಂದುಹಳದಿ ಮೈಯ ಮೇಲೆ, ಹಿಂರೆಕ್ಕೆಯ ಮುಂದಿನ ಅಂಚಿನ ಬಳಿ, ನವಿಲುಗರಿಯ ಕಣ್ಣನ್ನು ನೆನಪಿಸುವ ದೊಡ್ಡ ಕಣ್ಚುಕ್ಕೆ ಎರಡೂ ಕಾಲಗಳಲ್ಲಿ ಇರುತ್ತದೆ. ವ್ಯತ್ಯಾಸ ಎದ್ದು ಕಾಣುವುದು ರೆಕ್ಕೆ ಮಡಿಚಿದಾಗ. ಮಳೆಗಾಲದ ಚಿಟ್ಟೆಯ ರೆಕ್ಕೆಗಳ ಅಡಿಮೈಯಲ್ಲಿ ಕಣ್ಚುಕ್ಕೆಗಳೂ ಅಡ್ಡಗೆರೆಗಳೂ ಸ್ಪಷ್ಟವಾಗಿರುತ್ತವೆ. ಮಳೆಯಿಲ್ಲದ ಕಾಲದ ಚಿಟ್ಟೆಯಲ್ಲಿ ಆ ಕಣ್ಚುಕ್ಕೆಗಳು ಮಾಸಿ, ಮುಂರೆಕ್ಕೆಯ ತುದಿ ಕೊಕ್ಕೆಯಾಗಿ ಬಾಗಿ, ಹಿಂರೆಕ್ಕೆಯ ಕೆಳಮೂಲೆ ತೊಟ್ಟಿನಂತೆ ಚಾಚಿಕೊಂಡು, ಎರಡು ರೆಕ್ಕೆಗಳಿಗೂ ಅಡ್ಡಲಾಗಿ ಹಾದ ಗೆರೆಯೊಂದು ನಡುನರದಂತೆ ತೋರಿ, ಇಡೀ ಚಿಟ್ಟೆ ತರಗೆಲೆಯಾಗಿ ಕಾಣುತ್ತದೆ. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಒಂದನ್ನು ಅಲ್ಮಾನ, ಇನ್ನೊಂದನ್ನು ಆಸ್ಟೀರಿ ಎಂದು ಬೇರೆಬೇರೆ ಪ್ರಭೇದಗಳಾಗಿಯೇ ಹೆಸರಿಸಿದ್ದನೆಂದರೆ ಈ ಭೇದ ಎಷ್ಟು ದೊಡ್ಡದೆಂದು ಊಹಿಸಬಹುದು. ಇಂದು ಎರಡನೆಯ ಹೆಸರು ಮೊದಲನೆಯದರಲ್ಲೇ ಅಡಗಿದೆ.

ಆದ್ದರಿಂದ ‘ಮಳೆಗಾಲದ ಪ್ರಭೇದ’ ಎಂಬ ಪ್ರಯೋಗ ಸಲ್ಲದು. ‘ತಳಿ’ಯೂ ಹೊಂದುವುದಿಲ್ಲ, ತಳಿಯೆಂದರೆ ಪೀಳಿಗೆಯಿಂದ ಪೀಳಿಗೆಗೆ ಇಳಿದುಬರುವ ಗುಣ, ಇಲ್ಲಿಯಾದರೋ ಒಂದು ರೂಪದ ತಾಯಿಯ ಮೊಟ್ಟೆಗಳಿಂದ ಇನ್ನೊಂದು ರೂಪದ ಚಿಟ್ಟೆಗಳು ಹೊರಬರಬಹುದು. ನನ್ನ ಬಲವಾದ ಆಕ್ಷೇಪವಿರುವುದು ‘ಋತುವಿಗೆ ತಕ್ಕಂತೆ ಬಣ್ಣ ಬದಲಿಸುವ ಚಿಟ್ಟೆ’ ಎಂಬ ವರ್ಣನೆಗೆ. ಕೋಶದಿಂದ ಹೊರಬಂದು ರೆಕ್ಕೆ ಗಟ್ಟಿಯಾದ ಮೇಲೆ ಯಾವ ಚಿಟ್ಟೆಯೂ ತನ್ನ ರೆಕ್ಕೆಯ ಚಿತ್ತಾರವನ್ನು ಬದಲಿಸಿಕೊಳ್ಳಲಾರದು. ಕಂಬಳಿಹುಳುವಾಗಿದ್ದಾಗಲೇ, ಇಲ್ಲವೇ ಕೋಶದಲ್ಲಿದ್ದಾಗ, ಸುತ್ತಲಿನ ತಾಪಮಾನ, ಹಗಲಿನ ಉದ್ದ ಮುಂತಾದವುಗಳ ಪ್ರಭಾವದಿಂದ ಅದರ ರೂಪ ನಿಶ್ಚಯವಾಗಿರುತ್ತದೆ. ಬದಲಾಗುವುದು ಪೀಳಿಗೆ. ‘ವೇಷ’ ಎಂಬ ಪದವನ್ನು ನಾನು ಬಿಟ್ಟದ್ದೂ ಇದೇ ಕಾರಣಕ್ಕೆ, ಏಕೆಂದರೆ ವೇಷವನ್ನು ಕಳಚಿಡಬಹುದು.

ಹಾಗಾಗಿ ‘ರೂಪ’ವನ್ನೇ ಉಳಿಸಿಕೊಂಡು ‘ಋತುರೂಪ’ ಎಂದು ಬರೆದಿದ್ದೇನೆ. ‘ಕಾಲರೂಪ’ ಎಂದರೆ ಯಮನ ನೆನಪು ಮುಂದೆ ಬರುತ್ತದೆ. ‘ಋತುರೂಪ’ವನ್ನು ಬಿಡಿಸಿದರೆ ‘ಋತುವಿನ ರೂಪ’ ಎಂದಾಗುವುದರಿಂದ, ರೂಪ ಚಿಟ್ಟೆಯದೋ ಋತುವಿನದೋ ಎಂಬ ಪ್ರಶ್ನೆ ಏಳಬಹುದಾದರೂ, ಮಳೆಗಾಲಕ್ಕೆ ಸಂಬಂಧಿಸಿದ ಬೆಳೆಯನ್ನು ‘ಮಳೆಗಾಲದ ಬೆಳೆ’ ಎನ್ನುವಂತೆ ಇಲ್ಲಿಯೂ ಸಂಬಂಧಾರ್ಥವನ್ನೇ ಓದುಗರು ಗ್ರಹಿಸುತ್ತಾರೆಂದು ನಂಬಿದ್ದೇನೆ.

ಉಳಿದದ್ದು ಮಳೆಯಿಲ್ಲದ ಕಾಲದ ಹೆಸರು. ಇದನ್ನು ‘ಬೇಸಿಗೆ ರೂಪ’ ಎಂದರೆ ಗುರುತಿಸುವವರು ದಾರಿತಪ್ಪುತ್ತಾರೆ. ತರಗೆಲೆಯಂತಹ ಚಿಟ್ಟೆ ಚಳಿಗಾಲದಲ್ಲೂ ಹಾರುತ್ತದೆ, ಕಾಲ ಹೊರಳುವ ವಾರಗಳಲ್ಲಿ ಎರಡರ ನಡುವಿನ ಲಕ್ಷಣಗಳಿರುವವೂ ಸಿಗುತ್ತವೆ. ಚಳಿಗಾಲ, ಬೇಸಿಗೆ ಎರಡನ್ನೂ ಒಟ್ಟಾಗಿ ಸೂಚಿಸಲು ಮಳೆಗಾಲ, ಬರಗಾಲಗಳ ಮಾದರಿಯಲ್ಲಿ ‘ಒಣಗಾಲ’ ಎಂದು ಆದೇಶಸಂಧಿ ಮಾಡಿಕೊಂಡಿದ್ದೇನೆ. ಈ ಪದ ಆಡುಮಾತಿನಲ್ಲಿ ಎಲ್ಲಿಯಾದರೂ ಬಳಕೆಯಲ್ಲಿದೆಯೇ, ಇದ್ದರೆ ಅಲ್ಲಿ ಅದಕ್ಕೆ ಮಳೆಯಿಲ್ಲದ ಸಹಜ ತಿಂಗಳುಗಳು ಎಂಬ ಅರ್ಥವಿದೆಯೇ ಅಥವಾ ಮಳೆ ಕೈಕೊಟ್ಟ ವರ್ಷ ಎಂಬ ಅರ್ಥವಿದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಪ್ರಯೋಗಸಹಿತವಾಗಿ ತಿಳಿಸಬೇಕು. ಎರಡನೆಯ ಅರ್ಥವೇ ಬಲವಾಗಿದ್ದರೆ ‘ಮಳೆಯಿಲ್ಲದ ಕಾಲದ ರೂಪ’ ಎಂದು ಉದ್ದವಾಗಿಯೇ ಬರೆಯುತ್ತೇನೆ.