ಅಜ್ಜನ ಕಾಲದ ಮಿಠಾಯಿ ಕಾರ್ಖಾನೆ: ಹೊಸ ರೀತಿಯ ಮಾರಾಟದಿಂದ ಉಳಿಸಿಕೊಂಡವರಿದ್ದೀರಾ?

ವಿರಾಜಪೇಟೆಯಿಂದ: ನಮ್ಮ ಅಜ್ಜ ಆರಂಭಿಸಿದ ಶುಂಠಿ, ಏಲಕ್ಕಿ ಮಿಠಾಯಿಯ ಕಾರ್ಖಾನೆ ಮೂರು ವರ್ಷಗಳಿಂದ ನಷ್ಟದಲ್ಲಿದೆ. ಇನ್‌ಸ್ಟಾಗ್ರಾಂ, ಆನ್‌ಲೈನ್ ಮಾರಾಟದ ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಕುಶಾಲನಗರದಿಂದ: ನಾನು ಉಳಿಸಿಕೊಂಡೆ, ಆದರೆ ಮೊದಲ ವರ್ಷದ ಖರ್ಚು ಇಂದಿಗೂ ಬಾಯಿಪಾಠವಾಗಿದೆ. ಛಾಯಾಗ್ರಾಹಕರಿಗೆ 18,000, ಲೇಬಲ್ ವಿನ್ಯಾಸಕ್ಕೆ 12,000, ಮುದ್ರಿತ ಪೌಚುಗಳಿಗೆ 64,000 ರೂಪಾಯಿ. ಹತ್ತು ಸಾವಿರ ಪೌಚಿಗಿಂತ ಕಡಿಮೆ ಮುದ್ರಿಸುವುದಿಲ್ಲವೆಂದು ಮುದ್ರಣದವರು ಹೇಳಿದರು. ಬಂದ ಮೇಲೆ ನೋಡಿದರೆ, ಎಫ್ಎಸ್ಎಸ್ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿಯ 14 ಅಂಕಿಗಳಲ್ಲಿ ಒಂದು ತಪ್ಪಾಗಿತ್ತು. ನಾನೂ ನನ್ನ ಅತ್ತೆಯೂ ಹನ್ನೊಂದು ರಾತ್ರಿ ಕುಳಿತು ಪೌಚು ಪೌಚಿಗೂ ತಿದ್ದುಪಡಿ ಚೀಟಿ ಅಂಟಿಸಿದೆವು.

ಮಡಿಕೇರಿಯಿಂದ: ಲೇಬಲ್ ಆಮೇಲಿನ ಮಾತು, ಮೊದಲು ಮಳೆಯನ್ನು ಗೆಲ್ಲಬೇಕು. ಒಂದು ಜುಲೈಯಲ್ಲಿ ನಾವು ಕಳುಹಿಸಿದ 240 ಪಾರ್ಸೆಲ್‌ಗಳಲ್ಲಿ 90 ಮರಳಿ ಬಂದವು. ಮಿಠಾಯಿಗಳು ಒಂದಕ್ಕೊಂದು ಅಂಟಿಕೊಂಡು, ಕಾಗದ ಸುಲಿದರೆ ನೂಲಿನಂತೆ ಎಳೆ ಬರುತ್ತಿತ್ತು. ಪಾಕ 150 ಡಿಗ್ರಿ ಸೆಲ್ಸಿಯಸ್‌ನ ಸಮೀಪಕ್ಕೆ ಏರದೆ ನೀರಿನಂಶ ಉಳಿದರೆ, ಅಥವಾ ಆರಿದ ಕೂಡಲೇ ಗಾಳಿಯಾಡದಂತೆ ಮುಚ್ಚದಿದ್ದರೆ, ಎಷ್ಟು ಚಂದದ ಜಾಹೀರಾತು ಕೊಟ್ಟರೂ ಗ್ರಾಹಕ ಎರಡನೆಯ ಸಲ ಬರುವುದಿಲ್ಲ. ತೇವ ತೆಗೆಯುವ ಯಂತ್ರಕ್ಕೆ 38,000 ಕೊಟ್ಟೆ. ಕುಶಾಲನಗರದ ಬಯಲಿನಲ್ಲಿರುವವರಿಗೆ ಇದು ಅರ್ಥವಾಗದು.

ಕುಶಾಲನಗರದಿಂದ: ಅರ್ಥವಾಗದೆ ಏನು? 2019ರ ಆಗಸ್ಟ್‌ನಲ್ಲಿ ಕಾವೇರಿ ನಮ್ಮ ಗೋದಾಮಿಗೇ ನುಗ್ಗಿ 22 ಮೂಟೆ ಸಕ್ಕರೆ ಕರಗಿಹೋಯಿತು. ಹಿಂದಿನ ವರ್ಷದ ಭೂಕುಸಿತದಿಂದ ಪ್ರವಾಸಿಗರೇ ಇಲ್ಲದಾಗಿದ್ದ ನಷ್ಟ ಆಗಿನ್ನೂ ತೀರಿರಲಿಲ್ಲ. ಅಂಗಡಿಗಳನ್ನಷ್ಟೇ ನಂಬಬಾರದೆಂದು ಆಗಲೇ ಆನ್‌ಲೈನ್‌ಗೆ ಇಳಿದದ್ದು.

ಸೋಮವಾರಪೇಟೆಯಿಂದ: ಇಬ್ಬರೂ ಏಲಕ್ಕಿಯ ವಿಷಯವನ್ನೇ ಎತ್ತಲಿಲ್ಲ. ನಾವು ಎಸೆನ್ಸ್ ನಿಲ್ಲಿಸಿ ನಮ್ಮ ತೋಟದ ಏಲಕ್ಕಿಯನ್ನೇ ಕುಟ್ಟಿ ಹಾಕುತ್ತೇವೆ. ಕುದಿಯುವ ಪಾಕಕ್ಕೆ ಹಾಕಿದರೆ ಪರಿಮಳ ಹಾರಿಹೋಗುವುದರಿಂದ, ಒಲೆಯಿಂದ ಇಳಿಸಿ ಬಿಸಿ ತುಸು ತಗ್ಗಿದ ಮೇಲೆ ಬೆರೆಸಬೇಕೆಂದು ಕಲಿಯಲು ಆರು ಕಡಾಯಿ ಪಾಕ ಹಾಳಾಯಿತು. ಅಮ್ಮ ಏಲಕ್ಕಿ ಕುಟ್ಟುವ ಇಪ್ಪತ್ತು ಸೆಕೆಂಡಿನ ರೀಲ್ ಒಂದರಿಂದ ಬಂದಷ್ಟು ಆರ್ಡರ್, 25,000 ರೂಪಾಯಿಯ ಜಾಹೀರಾತಿನಿಂದ ಬರಲಿಲ್ಲ. ಎಸೆನ್ಸ್ ಹಾಕಿ ಕೊಡಗಿನ ಏಲಕ್ಕಿ ಎಂದು ಮಾರುವವರಿಂದ ನಮ್ಮೆಲ್ಲರ ಹೆಸರೂ ಕೆಡುತ್ತಿದೆ.

ಕುಶಾಲನಗರದಿಂದ: ನನ್ನನ್ನು ಕುರಿತು ಹೇಳಿದ್ದಾದರೆ ನೇರವಾಗಿಯೇ ಹೇಳಿ. ನನ್ನ ಪೌಚಿನ ಮೇಲೆ ‘ಕೃತಕ ಏಲಕ್ಕಿ ಸುವಾಸನೆ’ ಎಂದು ಸ್ಪಷ್ಟವಾಗಿ ಅಚ್ಚಾಗಿದೆ. ಆ ಹನ್ನೊಂದು ರಾತ್ರಿ ಅಂಟಿಸಿದ ಚೀಟಿಯ ಪಕ್ಕದಲ್ಲೇ ಇದೆ.