ಮೂಳೆ ಕೂಡಿದೆ, ಕೈ ಉರಿ ಮಾತ್ರ ನಿಂತಿಲ್ಲ: ಫಿಸಿಯೋ ಅವರಿಗೊಂದು ಪ್ರಶ್ನೆ

ಪ್ರಶ್ನೆ: ನಮಸ್ಕಾರ ಸರ್. ನಮ್ಮತ್ತೆಗೆ 58 ವರ್ಷ. ಮಳೆಗಾಲದಲ್ಲಿ ಅಂಗಳದ ಪಾಚಿ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರ್ ಹಾಕಿದ್ರು. ಬಿಚ್ಚಿ ಎರಡು ತಿಂಗಳಾಯ್ತು, ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿ ಕೂಡಿದೆ. ಆದ್ರೆ ಕೈ ಕೆಂಡದ ಮೇಲಿಟ್ಟ ಹಾಗೆ ಉರೀತದೆ ಅಂತಾರೆ. ಸೆರಗು ತಾಗಿದ್ರೂ ಚೀರ್ತಾರೆ. ಬೆರಳು ಊದಿ ಹೊಳೀತಿವೆ. ಒಂದ್ಸಲ ಕೆಂಪು, ಒಂದ್ಸಲ ನೀಲಿ. ಆ ಅಂಗೈ ಒಂದೇ ಬೆವರ್ತದೆ. ತೋರಿಸಿದ ಕಡೆ ‘ಮನಸ್ಸಿಗೆ ಹಚ್ಕೊಂಡಿದ್ದಾರೆ’ ಅಂದ್ಬಿಟ್ರು. ನಿಜಕ್ಕೂ ಹೀಗಾಗ್ತದಾ?

ಉತ್ತರ: ಆಗ್ತದೆ ಮೇಡಂ. ಅವರು ನಾಟಕ ಮಾಡ್ತಿಲ್ಲ ಅಂತ ಮೊದಲು ಮನೆಯವರಿಗೆಲ್ಲ ಹೇಳಿ.

ಕೈ ನೋಡದೆ ಇಲ್ಲಿಂದ ಖಚಿತವಾಗಿ ಹೇಳೋಕಾಗಲ್ಲ. ಆದ್ರೆ ನೀವು ಬರೆದದ್ದು ಸಿಆರ್‌ಪಿಎಸ್, ಅಂದ್ರೆ ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್‌ಗೆ ತುಂಬಾ ಹೊಂದ್ತದೆ. ಪೆಟ್ಟು ವಾಸಿಯಾದ್ರೂ ನರಗಳು ಅಪಾಯದ ಗಂಟೆ ಬಾರಿಸೋದು ನಿಲ್ಲಿಸೋದಿಲ್ಲ. ರಕ್ತನಾಳ, ಬೆವರು ನೋಡಿಕೊಳ್ಳೋ ನರಗಳೂ ಹದ ತಪ್ಪುತ್ತವೆ. ಬಣ್ಣ ಬದಲಾಗೋದು, ಊತ, ಬೆವರು ಎಲ್ಲ ಅದರಿಂದಲೇ. ಮಣಿಕಟ್ಟು ಮುರಿದ ಮೇಲೆ, ಅದರಲ್ಲೂ ಹೆಂಗಸರಲ್ಲಿ, ಇದು ಹೆಚ್ಚು.

ಹೊಸ ಕಾಯಿಲೆ ಏನಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ನರಕ್ಕೆ ಗುಂಡು ತಾಗಿದ ಸೈನಿಕರ ಇಂಥದ್ದೇ ಉರಿಯನ್ನು ವೈದ್ಯ ಸೈಲಸ್ ವಿಯರ್ ಮಿಚೆಲ್ 1864ರಲ್ಲೇ ದಾಖಲಿಸಿದ್ದಾರೆ. ಒಣ ಬಟ್ಟೆ ಉಜ್ಜಿದ್ರೂ ತಡೀಲಾರದೆ ಕೆಲವರು ಬೂಟಿನೊಳಗೆ ನೀರು ಸುರ್ಕೊಂಡು ನಡೀತಿದ್ರಂತೆ. ನಿಮ್ಮತ್ತೆಯ ಸೆರಗಿನ ಕಥೆಯೂ ಅದೇ. ಈಗಿನ ಹೆಸರು ಬಂದದ್ದು 1994ರಲ್ಲಿ.

ಇದನ್ನು ಹಿಡಿದು ತೋರಿಸೋ ಒಂದೇ ಒಂದು ರಕ್ತಪರೀಕ್ಷೆ, ಸ್ಕ್ಯಾನ್ ಇಲ್ಲ. ಎರಡೂ ಕೈ ಅಕ್ಕಪಕ್ಕ ಇಟ್ಟು ಮುಟ್ಟಿ, ಬಿಸಿ, ಬಣ್ಣ, ಊತ, ಚಲನೆ ನೋಡಿ, ಸೋಂಕು, ರಕ್ತ ಹೆಪ್ಪುಗಟ್ಟಿರೋದು, ನರ ಒತ್ತಿರೋದು ಇವೆಲ್ಲ ಅಲ್ಲ ಅಂತ ಖಾತ್ರಿ ಮಾಡ್ಕೊಂಡೇ ಹೇಳಬೇಕು. ಮೂಳೆ ಡಾಕ್ಟರ್ ಅಥವಾ ಪೇನ್ ಕ್ಲಿನಿಕ್‌ಗೆ ಈ ವಾರವೇ ಕರ್ಕೊಂಡು ಹೋಗಿ. ಜ್ವರ ಬಂದ್ರೆ ವಾರವನ್ನೂ ಕಾಯ್ಬೇಡಿ.

ಮತ್ತೊಬ್ಬರು: ಸರ್, ನಮ್ಮೂರಲ್ಲಿ ನಾಟಿ ವೈದ್ಯರು ಎಣ್ಣೆ ಹಚ್ಚಿ ಚೆನ್ನಾಗಿ ಎಳೀತಾರೆ. ಅದೂ ನೋಡಬಹುದಲ್ವಾ?

ಉತ್ತರ: ದಯವಿಟ್ಟು ಬೇಡ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಇಂಥ ಕೈಯನ್ನು ಬಲವಂತವಾಗಿ ಮಡಿಸಿದ್ದುಂಟು. ಮಾರನೇ ದಿನ ಆ ಕೈ ಇನ್ನಷ್ಟು ಊದಿ ಬಂತು. ಐಸ್ ಇಡೋದೂ ಬೇಡ. ಹಾಗಂತ ಜೋಲಿಯಲ್ಲಿ ಕಟ್ಟಿ ಕೂರಿಸಿದ್ರೆ ಕೈ ಬಿಗಿದುಕೊಳ್ತದೆ, ಮೆದುಳು ಅದನ್ನು ಮರೆಯೋಕೆ ಶುರುಮಾಡ್ತದೆ.

ಡಾಕ್ಟರ್ ನೋಡಿದ ಮೇಲೆ ಮನೇಲಿ ಮಾಡೋದು ಇಷ್ಟು. ಹತ್ತಿಯಿಂದ ಶುರು ಮಾಡಿ, ದಿನಕ್ಕೆ ನಾಲ್ಕೈದು ಸಲ, ಒಂದೆರಡು ನಿಮಿಷ ಸವರಿ. ಅದು ಒಗ್ಗಿದ ಮೇಲೆ ಹಳೇ ಪಂಚೆ, ಆಮೇಲೆ ಟವೆಲ್, ಆಮೇಲೆ ರಾಗಿ ತುಂಬಿದ ಪಾತ್ರೆಯೊಳಗೆ ಬೆರಳು ಆಡಿಸೋದು. ಅವರೇ ಮಾಡ್ಕೊಳ್ಳಲಿ, ನೀವು ಮುಟ್ಟಬೇಡಿ. ತನ್ನ ಕೈ ತಾನೇ ಮುಟ್ಟಿದ್ರೆ ಹೆದರಿಕೆ ಕಡಿಮೆ. ಇನ್ನೊಂದು, ಎರಡು ಕೈ ನಡುವೆ ಕನ್ನಡಿ ನಿಲ್ಲಿಸಿ, ನೋವಿನ ಕೈ ಹಿಂದೆ ಮರೆಯಾಗಲಿ. ಎಡಗೈ ಬೆರಳು ನಿಧಾನ ಮಡಚಿ ಬಿಡಿಸ್ತಾ ಕನ್ನಡಿಯನ್ನೇ ನೋಡಲಿ. ಬಲಗೈ ನೋವಿಲ್ಲದೆ ಆಡ್ತಿದೆ ಅಂತ ಮೆದುಳಿಗೆ ಕಾಣ್ತದೆ. ಮಕ್ಕಳಾಟದ ಹಾಗೆ ಕಂಡ್ರೂ ತುಂಬ ಜನಕ್ಕೆ ನೋವು ಇಳಿದದ್ದು ನೋಡಿದ್ದೇನೆ. ಕೆಲವರಿಗೆ ಇದರಿಂದ್ಲೂ ನೋವು ಏರ್ತದೆ, ಆಗ ನಿಲ್ಲಿಸಿ.

ಪ್ರಶ್ನೆ ಕೇಳಿದವರು: ಮಾತ್ರೆ ಇದೆಯಾ ಸರ್? ಎಷ್ಟು ದಿನ ಬೇಕು?

ಉತ್ತರ: ಗಾಬಾಪೆಂಟಿನ್ ಥರದ ನರದ ನೋವಿನ ಮಾತ್ರೆ, ಶುರುವಿನಲ್ಲಾದ್ರೆ ಕೆಲವು ದಿನ ಸ್ಟೆರಾಯ್ಡ್, ಜಗ್ಗದಿದ್ರೆ ಕುತ್ತಿಗೆ ಹತ್ತಿರ ನರಕ್ಕೆ ಇಂಜೆಕ್ಷನ್. ಯಾವುದು ಅಂತ ಡಾಕ್ಟರೇ ಹೇಳಲಿ. ವ್ಯಾಯಾಮ ಮಾಡುವಷ್ಟು ನೋವು ಇಳಿಸೋಕೆ ಅವು. ಬಹಳ ಜನಕ್ಕೆ ಮೊದಲ ವರ್ಷದೊಳಗೇ ಎಷ್ಟೋ ಸುಧಾರಿಸ್ತದೆ, ಕೆಲವರಿಗೆ ಉಳೀತದೆ. ತಿಂಗಳುಗಳ ಲೆಕ್ಕ ಹಾಕಿ.

ಪ್ರಶ್ನೆ ಕೇಳಿದವರು: ಪಕ್ಕದಲ್ಲೇ ಕೂತಿದ್ದಾರೆ ಸರ್. ದೋಸೆ ಹುಯ್ಯಬಹುದಾ ಅಂತ ಕೇಳಿ ಅಂತಿದ್ದಾರೆ.

ಉತ್ತರ: ಹಿಟ್ಟು ಕಲಸಲಿ, ಸೌಟು ಹಿಡೀಲಿ. ಕಾವಲಿ ಹತ್ತಿರ ಸದ್ಯ ಎಡಗೈ ಸಾಕಮ್ಮ, ಆ ಕೈಗೆ ಈಗ ಬಿಸಿಯ ಅಂದಾಜು ಸಿಗೋದಿಲ್ಲ.