ಇಂಗ್ಲಿಷಿನ ‘ಸೆಟ್’ಗೆ ಎಷ್ಟು ಅರ್ಥ? ಹಿಡಿತಕ್ಕೆ ತರುವುದು ಹೇಗೆ?

ಬದಿಯಡ್ಕದ ಅಭ್ಯರ್ಥಿ:
ಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದೇನೆ. ಹತ್ತರವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ವಿಭಾಗದಲ್ಲಿ ‘ಸೆಟ್’ ಎಂಬ ಪದದ ಮೇಲೆ ಪ್ರಶ್ನೆಗಳು ಬರುತ್ತಲೇ ಇರುತ್ತವೆ: ಸೆಟ್ ಇನ್, ಸೆಟ್ ಆಫ್, ಸೆಟ್ ಔಟ್, ಸೆಟ್ ಅಬೌಟ್, ಸೆಟ್ ಅಸೈಡ್. ಪಟ್ಟಿ ಮಾಡಿ ಬಾಯಿಪಾಠ ಮಾಡಿದರೆ ಎರಡು ವಾರದಲ್ಲಿ ಒಂದರ ಅರ್ಥ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಸಾಲದ್ದಕ್ಕೆ ಕೋರ್ಟಿನ ಕಾಗದದಲ್ಲಿ ‘ಸೆಟ್ ಅಸೈಡ್’, ಅಡಿಕೆ ಕೃಷಿಯ ಕರಪತ್ರದಲ್ಲಿ ‘ಫ್ರೂಟ್ ಸೆಟ್’, ಸಿಮೆಂಟಿನ ವಿವರದಲ್ಲಿ ‘ಸೆಟ್ಟಿಂಗ್ ಟೈಮ್’. ಇವೆಲ್ಲ ಒಂದೇ ಪದವೋ, ಬೇರೆ ಬೇರೆಯೋ? ಬಾಯಿಪಾಠ ಬಿಟ್ಟು ಬೇರೆ ದಾರಿ ಉಂಟಾ?

ಕುಂಬಳೆ ಮಾಷ್ಟ್ರು:
ಉಂಟು. ಮೊದಲು ಒಂದು ವಿಷಯ ತಿಳಿದುಕೊಳ್ಳಿ, ಇದು ನಿಮಗೊಬ್ಬರಿಗೇ ಕಷ್ಟವಾದ ಪದ ಅಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ಇದರದ್ದೇ. ಕ್ರಿಯಾಪದ ಒಂದಕ್ಕೇ 430ಕ್ಕೂ ಹೆಚ್ಚು ಅರ್ಥ, ವಿವರಣೆ ಸುಮಾರು 60,000 ಪದ. (ಮುಂದಿನ ಪರಿಷ್ಕರಣೆಯಲ್ಲಿ ‘ರನ್’ 645 ಅರ್ಥಗಳೊಂದಿಗೆ ಇದನ್ನು ಹಿಂದೆ ಹಾಕಿತು.) ಅಷ್ಟನ್ನೂ ಯಾರೂ ಬಾಯಿಪಾಠ ಮಾಡುವುದಿಲ್ಲ.

ಬೇರು ನೋಡಿ. ಹಳೆ ಇಂಗ್ಲಿಷಿನಲ್ಲಿ ‘ಸಿಟ್ಟನ್’ ಎಂದರೆ ಕೂರು, ‘ಸೆಟ್ಟನ್’ ಎಂದರೆ ಕೂರಿಸು. ನಮ್ಮ ‘ಇಸು’ ಪ್ರತ್ಯಯ ಮಾಡುವ ಕೆಲಸವನ್ನು ಅಲ್ಲಿ ಒಳಗಿನ ಸ್ವರದ ಬದಲಾವಣೆ ಮಾಡಿದೆ. ಬೀಳು–ಬೀಳಿಸು ಜೋಡಿಗೆ ಅವರಲ್ಲಿ ಫಾಲ್–ಫೆಲ್ ಇದ್ದ ಹಾಗೆ. ಮರ ಕಡಿದು ಉರುಳಿಸುವುದಕ್ಕೆ ‘ಫೆಲ್ ಎ ಟ್ರೀ’ ಎನ್ನುತ್ತಾರಲ್ಲ, ಅದು. ಹಾಗಾಗಿ ಕನ್ನಡ ಬಲ್ಲವರಿಗೆ ‘ಸೆಟ್’ ನಿಜಕ್ಕೂ ಸುಲಭ. ಉಂಗುರಕ್ಕೆ ಹರಳು ಕೂರಿಸುವುದು, ಮುರಿದ ಮೂಳೆಯನ್ನು ಅದರ ಜಾಗಕ್ಕೆ ಕೂರಿಸುವುದು, ಎರಡೂ ಸೆಟ್. ‘ಕೂರಿಸು’ ಹೊಂದದ ಕಡೆ ‘ಇಡು’ ಹಾಕಿ ನೋಡಿ: ಅಲಾರಂ ಇಡು, ಬೋನು ಇಡು, ಬೆಂಕಿ ಇಡು, ಹೆಜ್ಜೆ ಇಡು. ನಾಲ್ಕಕ್ಕೂ ಇಂಗ್ಲಿಷಿನಲ್ಲಿ ಸೆಟ್ಟೇ.

ಇನ್ನು ನಾಮಪದ. ಪಾತ್ರೆಯ ಸೆಟ್, ಗಣಿತದ ‘ಗಣ’ ಎಂಬ ಸೆಟ್ ಬೇರೆ ದಾರಿಯಿಂದ ಬಂದವು. ಲ್ಯಾಟಿನ್‌ನ ‘ಸೆಕ್ಟ’, ಅಂದರೆ ಅನುಯಾಯಿಗಳ ಗುಂಪು, ಹಳೆ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ಎರಡರ ರೂಪ ಒಂದೇ ಆಗಿ ಅರ್ಥಗಳೂ ಬೆರೆತವು. ‘ಗುಂಪು’ ಎಂಬ ಅರ್ಥ ಕಂಡರೆ ಅದನ್ನು ಬೇರೆ ಖಾತೆಗೆ ಹಾಕಿ. ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ರೂಪದಲ್ಲಿ ಎರಡು ಬಲೆ ಇವೆ. ಭೂತಕಾಲಕ್ಕೂ ಸೆಟ್ ಎಂದೇ ಬರೆಯಬೇಕು, ‘ಸೆಟ್ಟೆಡ್’ ಇಲ್ಲ. ಆದ್ದರಿಂದ ‘ಹೀ’ ಆದಮೇಲೆ ಕೊನೆಗೆ ‘ಸ್’ ಇಲ್ಲದ ‘ಸೆಟ್’ ಬಂದರೆ ವಾಕ್ಯ ಭೂತಕಾಲದ್ದು. ‘ಇಂಗ್’ ಸೇರಿಸುವಾಗ ‘ಟಿ’ ಎರಡು ಬರುತ್ತದೆ.

ಫ್ರೇಸಲ್ ವರ್ಬ್‌ಗಳಿಗೆ, ಅಂದರೆ ‘ಸೆಟ್ ಇನ್’, ‘ಸೆಟ್ ಆಫ್’ನಂಥ ಜೋಡಿಗಳಿಗೆ, ಒಂದೇ ಪರೀಕ್ಷೆ: ಕರ್ಮಪದ ಉಂಟೋ ಇಲ್ಲವೋ, ಇದ್ದರೆ ಎಲ್ಲಿ ಕೂರುತ್ತದೆ?

‘ಸೆಟ್ ಇನ್’ ಎಂದರೆ ಶುರುವಾಗಿ ನೆಲೆ ನಿಲ್ಲುವುದು. ಕರ್ಮ ಬರುವುದೇ ಇಲ್ಲ. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. ಆಗ ‘ದಿ ಮಾನ್ಸೂನ್ ಹ್ಯಾಸ್ ಸೆಟ್ ಇನ್’ ಎನ್ನುತ್ತಾರೆ. ಕರ್ಮ ಇಲ್ಲದ ಮೇಲೆ ಕರ್ಮಣಿ ಪ್ರಯೋಗವೂ ಇಲ್ಲ, ‘ವಾಸ್ ಸೆಟ್ ಇನ್’ ಎಂಬ ಆಯ್ಕೆ ಕೊಟ್ಟಿದ್ದರೆ ಕಣ್ಣುಮುಚ್ಚಿ ಹೊಡೆದುಹಾಕಿ. ಒಂದೆರಡು ಹನಿ ಬಿದ್ದು ನಿಲ್ಲುವ ಮಳೆಗೆ ಇದನ್ನು ಹೇಳುವುದಿಲ್ಲ. ಮಳೆಗಾಲ, ಚಳಿ, ಸೋಂಕು, ನಿರಾಶೆ, ಹೀಗೆ ಬಂದದ್ದು ಉಳಿಯಬೇಕು.

‘ಸೆಟ್ ಆಫ್’ ಕರ್ಮ ಇಲ್ಲದೆ ಬಂದರೆ ‘ಹೊರಟ’. ಕರ್ಮ ಬಂದರೆ ‘ಸಿಡಿಸಿದ, ಶುರುಮಾಡಿಸಿದ’: ಪಟಾಕಿ, ಅಲಾರಂ, ಗಲಾಟೆ. ‘ಸೆಟ್ ಔಟ್’ಗೂ ‘ಹೊರಟ’ ಎಂಬ ಅರ್ಥ ಉಂಟು, ಆದರೆ ಮುಂದೆ ‘ಟು’ ಮತ್ತು ಕ್ರಿಯಾಪದ ಬಂದರೆ ‘ಮಾಡಲೇಬೇಕೆಂದು ಹೊರಟ’ ಎಂಬ ಸಂಕಲ್ಪ ಸೇರುತ್ತದೆ. ‘ಸೆಟ್ ಅಬೌಟ್’ಗೆ ‘ಟು’ ಬೇಡ, ‘ಇಂಗ್’ ಬೇಕು: ‘ಸೆಟ್ ಅಬೌಟ್ ಕ್ಲೀನಿಂಗ್’, ಶುಚಿ ಮಾಡಲು ತೊಡಗಿದ. ಈ ‘ಟು’–‘ಇಂಗ್’ ವ್ಯತ್ಯಾಸದಲ್ಲೇ ಹೆಚ್ಚಿನವರ ಅಂಕ ಹೋಗುವುದು.

ಕೋರ್ಟ್ ಕಾಗದ ಅನುವಾದಕ:
ಮಾಷ್ಟ್ರು ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಸೇರಿಸುತ್ತೇನೆ. ಇಲ್ಲಿ ಅರ್ಥ ತಪ್ಪಿದರೆ ಹೋಗುವುದು ಒಂದು ಅಂಕ ಮಾತ್ರ ಅಲ್ಲ.

‘ಸೆಟ್ ಅಸೈಡ್’ ಹಣಕ್ಕೆ, ಸಮಯಕ್ಕೆ ಬಂದಾಗ ‘ಬೇರೆ ತೆಗೆದಿಡು’, ಅಂದರೆ ಜೋಪಾನ ಮಾಡುವುದು. ಆದೇಶಕ್ಕೆ, ಡಿಕ್ರಿಗೆ (ಸಿವಿಲ್ ದಾವೆಯಲ್ಲಿ ನ್ಯಾಯಾಲಯ ಕೊಡುವ ತೀರ್ಮಾನಕ್ಕೆ) ಬಂದಾಗ ‘ರದ್ದುಪಡಿಸು’. ಎರಡೂ ಹೆಚ್ಚುಕಡಿಮೆ ವಿರುದ್ಧ. ‘ಆದೇಶವನ್ನು ಬದಿಗಿಡಲಾಗಿದೆ’ ಎಂದು ಕನ್ನಡಕ್ಕೆ ಇಳಿಸಿದರೆ ಓದಿದವರು ‘ಸದ್ಯಕ್ಕೆ ನಿಲ್ಲಿಸಿಟ್ಟಿದ್ದಾರೆ’ ಎಂದುಕೊಳ್ಳುತ್ತಾರೆ. ತಾತ್ಕಾಲಿಕವಾಗಿ ನಿಲ್ಲಿಸುವುದು ‘ಸ್ಟೇ’, ಕನ್ನಡದಲ್ಲಿ ತಡೆಯಾಜ್ಞೆ. ‘ಸೆಟ್ ಅಸೈಡ್’ ಆದರೆ ಆ ಆದೇಶಕ್ಕೆ ಬಲವೇ ಇಲ್ಲ. ಜೊತೆಗೆ ‘ರಿಮಾಂಡೆಡ್’ ಎಂದೂ ಇದ್ದರೆ, ರದ್ದು ಮಾಡಿ ಪ್ರಕರಣವನ್ನು ಮತ್ತೆ ತೀರ್ಮಾನಿಸಲು ಕೆಳ ನ್ಯಾಯಾಲಯಕ್ಕೆ ಕಳಿಸಿದ್ದಾರೆ ಎಂದು ಓದಬೇಕು.

ಪ್ರತಿವಾದಿ ಹಾಜರಾಗದೆ ಏಕಪಕ್ಷೀಯ ಡಿಕ್ರಿ ಆಗಿದ್ದರೆ, ಅದನ್ನು ಸೆಟ್ ಅಸೈಡ್ ಮಾಡಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶ, 13ನೇ ನಿಯಮದಡಿ ಅರ್ಜಿ ಹಾಕಬೇಕು. ಡಿಕ್ರಿಯ ದಿನದಿಂದ 30 ದಿನಗಳ ಅವಧಿ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿಯ ವಿಷಯ ಗೊತ್ತಾದ ದಿನದಿಂದ ಲೆಕ್ಕ. ಸುಮ್ಮನೆ ಕೂತರೆ ಈ ಅವಧಿ ಮೀರಿಹೋಗುತ್ತದೆ.

‘ಸೆಟ್ ಆಫ್’ ಕಾನೂನಿನಲ್ಲಿ ಹೊರಡುವುದೂ ಅಲ್ಲ, ಸಿಡಿಸುವುದೂ ಅಲ್ಲ; ಒಂದರಲ್ಲಿ ಇನ್ನೊಂದನ್ನು ವಜಾ ಮಾಡುವುದು, ಅಂದರೆ ಕಳೆಯುವುದು. ವಿಚಾರಣೆ ಕಾಲದಲ್ಲಿ ಬಂಧನದಲ್ಲಿದ್ದ ದಿನಗಳನ್ನು ಶಿಕ್ಷೆಯ ಅವಧಿಯಲ್ಲಿ ಕಳೆಯುವುದು ಸೆಟ್ ಆಫ್. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 428ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 468. ಆದಾಯ ತೆರಿಗೆಯಲ್ಲಿ ನಷ್ಟವನ್ನು ಲಾಭದಲ್ಲಿ ವಜಾ ಮಾಡುವುದಕ್ಕೂ ಇದೇ ಪದ. ನೋಟಿಸಿನಲ್ಲಿ ‘ಗ್ರೌಂಡ್ಸ್ ಸೆಟ್ ಔಟ್ ಬಿಲೋ’ ಎಂದಿದ್ದರೆ ‘ಕೆಳಗೆ ವಿವರಿಸಿದ ಕಾರಣಗಳು’ ಎಂದಷ್ಟೇ ಅರ್ಥ.

ತೋಟ ಮತ್ತು ಗಾರೆ ಕೆಲಸ ಬಲ್ಲವರು:
ಫ್ರೂಟ್ ಸೆಟ್, ಸಿಮೆಂಟ್ ಸೆಟ್ಟಿಂಗ್ ಎರಡರಲ್ಲೂ ‘ಸೆಟ್’ ತಾನಾಗಿ ಆಗುವ ಕ್ರಿಯೆ. ಇವಕ್ಕೆ ಕನ್ನಡದ ‘ಕಟ್ಟು’ ಹೊಂದುತ್ತದೆ. ಮೊಸರು ಹೆಪ್ಪುಗಟ್ಟಿತು, ಮರ ಕಾಯಿ ಕಟ್ಟಿತು, ಗಾರೆ ಗಟ್ಟಿ ಕಟ್ಟಿತು.

ಅಡಿಕೆಯಲ್ಲಿ ಹಿಂಗಾರದ (ಹೂಗೊಂಚಲಿನ) ಹೆಣ್ಣು ಹೂ ಪರಾಗಸ್ಪರ್ಶವಾಗಿ ಉದುರದೆ ಕಾಯಿಯಾಗಿ ನಿಂತರೆ ಅದು ಸೆಟ್. ಕೃಷಿ ಕರಪತ್ರದಲ್ಲಿ ‘ಸೆಟ್ಟಿಂಗ್ ಪರ್ಸೆಂಟೇಜ್’ ಎಂದಿರುವುದು ಈ ಲೆಕ್ಕ. ತೆಂಗಿನ ಒಂದು ಹೊಂಬಾಳೆಯಲ್ಲಿ 20 ಹೆಣ್ಣು ಹೂ ಇದ್ದು 6 ನಿಂತರೆ 30 ಶೇಕಡ. ಇದನ್ನು ‘ಇಳುವರಿ’ ಎಂದು ಓದಬಾರದು. ಕಾಯಿ ಕಟ್ಟಿದ ಮೇಲೂ ಮಳೆಗಾಲದ ಕೊಳೆರೋಗದಲ್ಲಿ ಅಡಿಕೆ ಉದುರಬಹುದು. ಆಗ ಸೆಟ್ ಚೆನ್ನಾಗಿಯೇ ಇತ್ತು, ಇಳುವರಿ ಮಾತ್ರ ಹೋಯಿತು.

ಸಿಮೆಂಟಿನಲ್ಲಿ ‘ಸೆಟ್’ ಬೇರೆ, ‘ಹಾರ್ಡನ್’ ಬೇರೆ. ಸೆಟ್ ಎಂದರೆ ಗಾರೆ ಮಿದುತನ ಕಳೆದುಕೊಳ್ಳುವುದು. ಸಾಮಾನ್ಯ ಸಿಮೆಂಟಿಗೆ ಭಾರತೀಯ ಮಾನಕದ ಪ್ರಕಾರ ಆರಂಭದ ಸೆಟ್ಟಿಂಗ್ 30 ನಿಮಿಷಕ್ಕಿಂತ ಮೊದಲು ಆಗಬಾರದು, ಕೊನೆಯದ್ದು 600 ನಿಮಿಷ ದಾಟಬಾರದು. ಇದನ್ನು ನಿಧಾನ ಮಾಡಲೆಂದೇ ಕಾರ್ಖಾನೆಯಲ್ಲಿ ಜಿಪ್ಸಂ ಸೇರಿಸಿ ಅರೆಯುತ್ತಾರೆ. ಇಲ್ಲದಿದ್ದರೆ ನೀರು ಬಿದ್ದ ಕೂಡಲೇ ಬಿಗಿಯುತ್ತದೆ. ಹಾರ್ಡನ್ ಎಂದರೆ ಆಮೇಲೆ ದಿನಗಟ್ಟಲೆ ಬಲ ಬರುವುದು. ‘ಸೆಟ್ ಆಯ್ತು’ ಎಂದು ನೀರುಣಿಸುವುದನ್ನು ನಿಲ್ಲಿಸಿದರೆ ಬಿರುಕು ಬಿಡುತ್ತದೆ. ಕಾಂಕ್ರೀಟಿಗೆ ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿ ಬೆರೆತದ್ದಾದರೆ ಕನಿಷ್ಠ 10 ದಿನ ನೀರು ಬೇಕು. ಬುಟ್ಟಿಯಲ್ಲಿ ಸೆಟ್ ಆಗತೊಡಗಿದ ಗಾರೆಗೆ ಮತ್ತೆ ನೀರು ಹೊಯ್ದು ಕಲಸುವುದೂ ಬೇಡ. ಕಟ್ಟಿಕೊಳ್ಳುತ್ತಿದ್ದ ಬಂಧ ಒಡೆದು ಬಲ ಇಳಿಯುತ್ತದೆ.

ಬದಿಯಡ್ಕದ ಅಭ್ಯರ್ಥಿ:
ತುಂಬ ಉಪಕಾರವಾಯಿತು. ಮಾಷ್ಟ್ರೇ, ಈ ಮೂರು ವಾಕ್ಯ ಸರಿಯಾ? ‘ಶೀ ಸೆಟ್ ಅಸೈಡ್ ಇಟ್’, ‘ದೇ ಸೆಟಪ್ ಎ ಲೈಬ್ರರಿ’, ‘ದಿ ರೇನ್ ಸೆಟ್ ಬ್ಯಾಕ್ ದಿ ವರ್ಕ್’.

ಕುಂಬಳೆ ಮಾಷ್ಟ್ರು:
ಮೂರನೆಯದು ಸರಿ, ಮಳೆಯಿಂದ ಕೆಲಸ ಹಿಂದೆ ಬಿತ್ತು.

ಮೊದಲನೆಯದರಲ್ಲಿ ಕರ್ಮ ‘ಇಟ್’ ಎಂಬ ಸರ್ವನಾಮ. ಅಸೈಡ್, ಅಪ್, ಬ್ಯಾಕ್ ಮತ್ತು ‘ಸಿಡಿಸು’ ಅರ್ಥದ ಆಫ್ ಜೊತೆ ಸರ್ವನಾಮ ನಡುವೆಯೇ ಬರಬೇಕು: ‘ಸೆಟ್ ಇಟ್ ಅಸೈಡ್’. ನಾಮಪದವಾದರೆ ಎರಡು ಕಡೆಯೂ ನಡೆಯುತ್ತದೆ. ‘ಅಬೌಟ್’ ಮಾತ್ರ ಬಿಡಿಸಲು ಬರುವುದಿಲ್ಲ, ‘ಸೆಟ್ ಅಬೌಟ್ ಇಟ್’ ಎಂದೇ ಬರೆಯಿರಿ.

ಎರಡನೆಯದು ಬರಹದ ತಪ್ಪು. ಕ್ರಿಯಾಪದವಾದಾಗ ಸೆಟ್, ಅಪ್ ಎರಡು ಪದ, ಮಾತಿನಲ್ಲಿ ಒತ್ತು ‘ಅಪ್’ ಮೇಲೆ. ಒಂದೇ ಪದವಾಗಿ ‘ಸೆಟಪ್’ ಎಂದು ಬರೆದರೆ ನಾಮಪದ, ಒತ್ತು ‘ಸೆಟ್’ ಮೇಲೆ. ‘ಸೆಟ್‌ಬ್ಯಾಕ್’ ಕೂಡ ಹಾಗೆಯೇ. ಒಂದೇ ಪದವಾದರೆ ‘ಹಿನ್ನಡೆ’, ಮತ್ತು ಪಂಚಾಯತಿಗೆ ಕೊಡುವ ಮನೆಯ ನಕ್ಷೆಯಲ್ಲಿ ಜಾಗದ ಗಡಿಗೂ ಗೋಡೆಗೂ ನಡುವೆ ಬಿಡಬೇಕಾದ ಖಾಲಿ ಜಾಗ.